ಅಬ್ಬೆ ದುಬಾಯ್ ಗ್ರಂಥದ ಶೀರ್ಷಿಕೆ: ‘ಮೆರ್ಸ್’ ಶಬ್ದದ ಅರ್ಥವಿಚಾರ

ಕರ್ನಾಟಕದ ಸಾಮಾಜಿಕ ಚರಿತ್ರೆಯನ್ನು ಕುರಿತು ಬರೆಯುವವರು ಅಬ್ಬೆ ದುಬಾಯ್ ಅವರ ಗ್ರಂಥವನ್ನು ಆಧಾರವಾಗಿ ಉದಾಹರಿಸುವುದು ರೂಢಿಯಾಗಿದೆ. ಆದರೆ ಉದಾಹರಿಸಲ್ಪಡುವುದು ಸಾಮಾನ್ಯವಾಗಿ ಫ್ರೆಂಚ್ ಮೂಲವಲ್ಲ, ಅದರ ಇಂಗ್ಲಿಷ್ ಅನುವಾದ. ಫ್ರೆಂಚ್ ಶೀರ್ಷಿಕೆಯ ಮೊದಲ ಶಬ್ದವಾದ ‘ಮೆರ್ಸ್’ ಇಂಗ್ಲಿಷಿನ ಯಾವ ಒಂದು ಮಾತಿಗೂ ಪೂರ್ತಿಯಾಗಿ ಒಗ್ಗುವುದಿಲ್ಲ. ಅದರ ಅರ್ಥವನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ಒಂದು ಜನಾಂಗದ ವಿಷಯದಲ್ಲಿ ಚರಿತ್ರೆಯು ಕೊಟ್ಟ ತೀರ್ಪಿನ ಪ್ರಶ್ನೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕಲಬುರಗಿಯಲ್ಲಿ ‘ರೋಜಾ’ ಎಂಬ ಪ್ರದೇಶವಿದೆ. 1422ರಲ್ಲಿ ದಿವಂಗತರಾದ ಖ್ವಾಜಾ ಬಂದೇನವಾಜ್ ಗೇಸೂದರಾಜ್ ಅವರ ದರ್ಗಾ ಅಲ್ಲಿರುವುದು ಸರ್ವವಿದಿತ. ಈ ಹೆಸರಿನ ಮೂಲ ‘ರೌಜಾ’. ಅರಬ್ಬಿಯಲ್ಲಿ ಉದ್ಯಾನವೆಂದೂ, ಪಾರಸಿ ಉರ್ದುಗಳಲ್ಲಿ ಪುಣ್ಯಪುರುಷರ ಸಮಾಧಿಮಂದಿರವೆಂದೂ ಅದಕ್ಕೆ ಅರ್ಥ. ಕನ್ನಡದ ಕಿವಿಗೆ ಇದೇ ಮಾತು ಗುಲಾಬಿ ಹೂವೆಂದೋ ಉಪವಾಸವ್ರತವೆಂದೋ ತೋರಬಹುದು. ಆದರೆ ಹೂವು, ವ್ರತ ಎಂಬ ಅರ್ಥಗಳು ಬೇರೆ ಶಬ್ದಗಳವು; ಉಚ್ಚಾರಣೆ ಮಾತ್ರ ಒಂದಾಗಿದೆ. ಉದ್ಯಾನ, ಸಮಾಧಿ ಎಂಬ ಅರ್ಥಗಳಾದರೋ ಒಂದೇ ಶಬ್ದದ ಎರಡು ಕವಲುಗಳು. ಮೊದಲನೆಯ ಬಗೆಯ ತೊಡಕನ್ನು ಕೋಶವು ಪರಿಹರಿಸುತ್ತದೆ; ಎರಡನೆಯದನ್ನು ಸಂದರ್ಭವೇ ಪರಿಹರಿಸಬೇಕು. ‘ಮೆರ್ಸ್’ ಈ ಎರಡನೆಯ ಬಗೆಗೆ ಸೇರಿದುದು.

ದುಬಾಯ್ ಅವರು ಪ್ಯಾರಿಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿದ ಪಾದ್ರಿಗಳು. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೈಸೂರು ಸೀಮೆಯಲ್ಲಿ ನೆಲಸಿದರು. ಈ ನಾಡಿನ ಉಡುಪನ್ನೂ ಆಹಾರಕ್ರಮವನ್ನೂ ಅವಲಂಬಿಸಿದ ಇವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಇವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ವಿಲ್ಕ್ಸ್ ಅವರು ಮೆಚ್ಚಿ ಶಿಫಾರಸು ಮಾಡಿದರು. ಮದರಾಸಿನ ಗವರ್ನರ್ ಬೆಂಟಿಂಕ್ ಅವರ ಕಾಲದಲ್ಲಿ ಕಂಪನಿ ಸರಕಾರವು ಅದನ್ನು ಎರಡು ಸಾವಿರ ಪಗೋಡಗಳಿಗೆ ಕೊಂಡಿತು. ಸರಕಾರದ ನೌಕರರು ದೇಶೀಯರ ರೀತಿನೀತಿಗಳನ್ನರಿತು ನಡೆದುಕೊಳ್ಳಬೇಕೆಂಬುದು ಈ ಖರೀದಿಯ ಉದ್ದೇಶಗಳಲ್ಲೊಂದು. ಆದಕಾರಣ ಈ ಗ್ರಂಥದ ಮಾತುಗಳು ಆಡಳಿತದ ಕೈಪಿಡಿಯ ಮಾತುಗಳೂ ಆದುವು.

ಇನ್ನು ಶಬ್ದವನ್ನು ನೋಡೋಣ. ‘ಮೆರ್ಸ್’ ಲ್ಯಾಟಿನಿನ ‘ಮೋರೆಸ್’ ಎಂಬುದರಿಂದ ಬಂದುದು. ಇಂಗ್ಲಿಷಿನ ‘ಮಾರಲ್’ ಎಂಬುದಕ್ಕೂ ಅದೇ ಮೂಲ. ರೂಢಿ, ನಡವಳಿಕೆ, ನೀತಿ, ಶೀಲ—ಇವೆಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮಾಂಟೆಸ್ಕ್ಯೂ ತನ್ನ 1748ರ ಗ್ರಂಥದಲ್ಲಿ ಇದನ್ನು ‘ಮಾನಿಯೇರ್’ ಎಂಬುದರಿಂದ ಬೇರ್ಪಡಿಸಿದ್ದಾನೆ: ಮೊದಲನೆಯದು ಹೆಚ್ಚಾಗಿ ಅಂತರಂಗದ ನಡತೆಗೆ, ಎರಡನೆಯದು ಬಹಿರಂಗದ ನಡತೆಗೆ ಸಂಬಂಧಿಸಿದುದೆಂಬುದು ಅವನ ಅಭಿಪ್ರಾಯ. ಹೀಗಿರಲು ಇಂಗ್ಲಿಷ್ ಅನುವಾದಕರು ಇದಕ್ಕೆ ಸಾಮಾನ್ಯವಾಗಿ ಕೊಟ್ಟ ‘ಮ್ಯಾನರ್ಸ್’ ಎಂಬ ಮಾತು ಫ್ರೆಂಚರು ಬೇರೆಯೆಂದು ಎಣಿಸಿದ ಶಬ್ದಕ್ಕೇ ಹತ್ತಿರವಾಗುತ್ತದೆ. ವೋಲ್ತೇರನ 1756ರ ಚರಿತ್ರೆಯ ಶೀರ್ಷಿಕೆಗೂ, ತೋಕ್‌ವಿಲ್‌ನ 1835ರ ಅಮೆರಿಕಾ ಗ್ರಂಥಕ್ಕೂ ಇಂಗ್ಲಿಷಿನಲ್ಲಿ ಇದೇ ಗತಿಯಾಯಿತು.

ದುಬಾಯ್ ಗ್ರಂಥದ ಶೀರ್ಷಿಕೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಸಂಗತಿ ವಿಶದವಾಗುತ್ತದೆ. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ಆವೃತ್ತಿಯು ಭಾರತೀಯರ ‘ಕ್ಯಾರೆಕ್ಟರ್, ಮ್ಯಾನರ್ಸ್, ಕಸ್ಟಮ್ಸ್’ ಎಂದು ಮೂರು ಮಾತುಗಳನ್ನು ಮುಂದಿಟ್ಟು, ಆಮೇಲೆ ಅವರ ಧಾರ್ಮಿಕ ಮತ್ತು ಲೌಕಿಕ ಸಂಸ್ಥೆಗಳನ್ನು ಹೇಳುತ್ತದೆ. 1825ರ ಪ್ಯಾರಿಸ್ ಆವೃತ್ತಿಯಲ್ಲಿ ಇರುವುದು ‘ಮೆರ್ಸ್’, ಸಂಸ್ಥೆಗಳು, ವಿಧಿಗಳು ಎಂಬ ಮೂರು. ಮದರಾಸಿನ ದಫ್ತರದಲ್ಲಿದ್ದ ಪರಿಷ್ಕೃತ ಹಸ್ತಪ್ರತಿಯಿಂದ ಬ್ಯೂಚಾಂಪ್ ಅನುವಾದಿಸಿದ 1897ರ ಆಕ್ಸ್‌ಫರ್ಡ್ ಆವೃತ್ತಿಯಲ್ಲಿ ‘ಮ್ಯಾನರ್ಸ್, ಕಸ್ಟಮ್ಸ್’ ಮತ್ತು ವಿಧಿಗಳೆಂದಿದ್ದು, ‘ಸಂಸ್ಥೆಗಳು’ ಮರೆಯಾಗಿವೆ. ಒಂದು ಕಡೆ ‘ಸ್ವಭಾವ’ವು ಮುಂದೆ ನಿಂತಿತು, ಇನ್ನೊಂದು ಕಡೆ ನೀತಿಯ ಛಾಯೆಯೂ ಸಮಾಜವ್ಯವಸ್ಥೆಯ ಸೂಚನೆಯೂ ಅಳಿದು ಬಾಹ್ಯಾಚಾರ ಮಾತ್ರ ಉಳಿಯಿತು.

ಇದರ ಪರಿಣಾಮ ಅಲ್ಪವಾದುದಲ್ಲ. ರೂಢಿಯು ಕಾಲದಿಂದ ಕಾಲಕ್ಕೆ ಬದಲಾಗುವ ವಸ್ತು. ಸ್ವಭಾವವು ಹುಟ್ಟಿನಿಂದ ಬಂದುದೆಂದು ಜನ ತಿಳಿಯುತ್ತಾರೆ. ರೂಢಿಯನ್ನು ‘ಕ್ಯಾರೆಕ್ಟರ್’ ಎಂದು ಓದಿದ ಅಧಿಕಾರಿಯು, ಬದಲಾಗಬಲ್ಲ ನಡವಳಿಕೆಯನ್ನು ಜನರ ಹುಟ್ಟುಗುಣವೆಂದು ಭಾವಿಸುವ ಸಂಭವವಿದೆ. ಈ ಗ್ರಂಥದಲ್ಲಿ ಊಟ, ಉಡುಪು, ವಿವಾಹ, ಉತ್ತರಕ್ರಿಯೆಗಳ ವರ್ಣನೆಯ ಬದಿಯಲ್ಲೇ ಜನರ ಗುಣದೋಷಗಳ ವಿಮರ್ಶೆಯೂ ಇರುವುದರಿಂದ ಎಚ್ಚರಿಕೆ ಮತ್ತಷ್ಟು ಅಗತ್ಯ.

ಇಷ್ಟರ ಮೇಲೆ ಇನ್ನೊಂದು ವಿಷಯವೂ ಗಮನಾರ್ಹ. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು, ದುಬಾಯ್ ಗ್ರಂಥದ ಬಹುಭಾಗಕ್ಕೆ ಜೆಸ್ಯುಟ್ ಪಾದ್ರಿ ಕೆರ್ದೂ ಅವರ ಬರಹವೇ ಆಧಾರವೆಂದು ತೋರಿಸಿದರು. ಆ ಬರಹವು ಉಳಿದು ಬಂದಿರುವುದು ದೆವೋ ಎಂಬ ಅಧಿಕಾರಿಯ 1777ರ ಪ್ರತಿಯಲ್ಲಿ. ಅದರ ಶೀರ್ಷಿಕೆಯಲ್ಲೂ ‘ಮೆರ್ಸ್’ ಇದ್ದು, ಪಕ್ಕದಲ್ಲಿ ‘ಕೂತ್ಯೂಮ್’, ಎಂದರೆ ರೂಢಿ, ಎಂಬುದು ಬೇರೆಯಾಗಿ ಬಂದಿದೆ. ಎರಡನ್ನೂ ಜೊತೆಯಲ್ಲಿ ಹೇಳಿರುವುದರಿಂದ ಅವು ಒಂದೇ ಅಲ್ಲವೆಂದು ಊಹಿಸಬಹುದು. ಮೈಸೂರಿನ ಪ್ರತ್ಯಕ್ಷಾನುಭವವೆಂದು ನಾವು ಓದುವ ಎಷ್ಟೋ ಮಾತುಗಳು ಹಿಂದಿನ ತಲೆಮಾರಿನ, ಬೇರೆ ಪ್ರಾಂತದ ಮಾತುಗಳಾಗಿರಬಹುದೆಂಬುದನ್ನೂ ಮರೆಯಲಾಗದು.

ಕನ್ನಡದ ಮಟ್ಟಿಗೆ ನಮ್ಮ ಭಾಷೆ ಇಂಗ್ಲಿಷಿಗಿಂತ ಅನುಕೂಲವಾದುದೆಂದು ತೋರುತ್ತದೆ. ‘ನಡೆ’ ಎಂಬ ಒಂದು ಧಾತುವಿನಿಂದಲೇ ನಡತೆ, ನಡವಳಿ, ನಡವಳಿಕೆಗಳು ಬಂದಿವೆ; ರೂಢಿಯೂ ಶೀಲವೂ ಅದರಲ್ಲಿ ಅಡಗಿವೆ. ‘ಆಚಾರ’ವೂ ಅಂಥದೇ: ಮನೆಯ ಕಟ್ಟಳೆಯೂ ಆಚಾರ, ವೀರಶೈವರ ಪಂಚಾಚಾರಗಳಲ್ಲಿ ಹೇಳುವ ಸದಾಚಾರವೂ ಆಚಾರ. ಆದುದರಿಂದ ‘ಮೆರ್ಸ್’ ಎಂಬುದನ್ನು ‘ಆಚಾರ’ ಅಥವಾ ‘ನಡೆ’ ಎಂದು ಮೂಲದಿಂದ ನೇರವಾಗಿ ಕನ್ನಡಿಸುವುದು ಯುಕ್ತ. ‘ಮ್ಯಾನರ್ಸ್’ ಮೂಲಕ ಬಂದ ‘ಶಿಷ್ಟಾಚಾರ’ವಾಗಲಿ, ‘ಕ್ಯಾರೆಕ್ಟರ್’ ಮೂಲಕ ಬಂದ ‘ಸ್ವಭಾವ’ವಾಗಲಿ ಇಲ್ಲಿ ಸಲ್ಲದು. ದುಬಾಯ್ ಅವರ ಮಾತನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳುವ ಸಂಶೋಧಕರು ಆವೃತ್ತಿಯ ವರ್ಷವನ್ನು ನಮೂದಿಸಿ, ಗುಣದೋಷದ ಮಾತು ಬಂದ ಕಡೆ ಫ್ರೆಂಚ್ ಪಾಠವನ್ನು ಹೋಲಿಸಿ ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.