ಜಗಲಿಗೆ ಗಾಜು ಬಂದದ್ದು

ದಾವಣಗೆರೆಯ ನಮ್ಮ ಸರಸ್ವತಿ ನಗರದಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಮನೆಗಳ ಮುಂಭಾಗವೇ ಒಂದು ಚರಿತ್ರೆಯ ಪಾಠ. ಒಂದು ಮನೆಗೆ ಬರೀ ತೆರೆದ ಸಿಮೆಂಟಿನ ಕಟ್ಟೆ. ಅದರ ಪಕ್ಕದ್ದಕ್ಕೆ ಕಬ್ಬಿಣದ ಗ್ರಿಲ್ಲು, ಒಳಗೊಂದು ಬೆತ್ತದ ಕುರ್ಚಿ, ತುಳಸಿ ಕುಂಡ. ಎದುರಿನದಕ್ಕೆ ಈಚೆಗೆ ಅಲ್ಯೂಮಿನಿಯಂ ಚೌಕಟ್ಟು, ಸರಿಯುವ ಗಾಜು, ಗಾಜಿಗೊಂದು ಪರದೆ. ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಾ ಮೂವತ್ತು ವರ್ಷವಾಗುತ್ತ ಬಂತು. ರಾಜರ ವಂಶಾವಳಿ ಬಾಯಿಪಾಠ ಮಾಡಿಸುವುದಕ್ಕಿಂತ, "ನಿಮ್ಮ ಮನೆಯ ಮುಂದೆ ಏನಿದೆ, ನಿಮ್ಮಜ್ಜಿಯ ಮನೆಯ ಮುಂದೆ ಏನಿತ್ತು, ಕೇಳಿಕೊಂಡು ಬನ್ನಿ" ಎಂದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅನುಭವ.

ಈಗ ಆ ಪ್ರಶ್ನೆ ನಮ್ಮ ಮನೆಗೇ ಬಂದಿದೆ. ಮುಂದಿನ ವರಾಂಡವನ್ನು ಗಾಜಿನಿಂದ ಮುಚ್ಚಿಸಿಬಿಡೋಣ ಅಂತ ಮಗನ ಹಟ. "ಧೂಳು ಬರಲ್ಲಮ್ಮ, ಸೊಳ್ಳೆ ಬರಲ್ಲ, ಅಜ್ಜಿ ಬೆಚ್ಚಗೆ ಕೂತ್ಕೋಬಹುದು" ಅನ್ನುತ್ತಾನೆ. ಎಂಬತ್ತು ದಾಟಿದ ನಮ್ಮತ್ತೆ, "ನನ್ನನ್ನೇನು ಪಂಜರದಾಗ ಕೂರಿಸ್ತೀರೇನವ್ವಾ?" ಎಂದು ನನ್ನನ್ನು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನಮ್ಮ ಜಗಲಿಗಳು ಯಾವಾಗ ಮುಚ್ಚಿದವು, ಯಾರಿಗೋಸ್ಕರ ಮುಚ್ಚಿದವು ಎಂದು ಯೋಚಿಸುವುದಕ್ಕೆ ನನಗೆ ಇದೇ ನೆಪವಾಯಿತು.

ಬಯಲುಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆ ದಪ್ಪ, ಕಿಟಕಿ ಕಡಿಮೆ. ಮುಂಬಾಗಿಲ ಎರಡೂ ಬದಿಗೆ ಕಟ್ಟೆ, ಒಳಗೆ ಹೋದರೆ ಪಡಸಾಲೆ, ಅದರಾಚೆ ನಡುಮನೆ, ಅಡಿಗೆಮನೆ. ಕಟ್ಟೆ ಮನೆಯವರದಾದರೂ ಬೀದಿಗೂ ಅದರ ಮೇಲೆ ಹಕ್ಕಿತ್ತು. ಸಂತೆಗೆ ಬಂದವರು ಅಲ್ಲಿ ಗಂಟು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಬಸ್ಸು ತಪ್ಪಿದವರು ಹೇಳದೆ ಕೇಳದೆ ಮಲಗಿಬಿಡುತ್ತಿದ್ದರು. ಹತ್ತಿಯ ಧಾರಣೆಯಿಂದ ಹಿಡಿದು ಮದುವೆ ಮಾತುಕತೆಯವರೆಗೆ ಎಲ್ಲ ಪಂಚಾಯ್ತಿಯೂ ಅಲ್ಲೇ, ಮಂಡಕ್ಕಿ ಮೆಣಸಿನಕಾಯಿಯ ಜೊತೆಗೇ.

ಆದರೆ ಆ ಕಟ್ಟೆಯ ಮೇಲೆ ಹೆಂಗಸರು ಎಷ್ಟು ಹೊತ್ತು ಕೂರುತ್ತಿದ್ದರು? ನನ್ನ ತಾಯಿಯ ತವರು ಹರಿಹರ. ಅಲ್ಲಿ ನನ್ನಜ್ಜಿ ಮುಂದಿನ ಕಟ್ಟೆಗೆ ಬರುತ್ತಿದ್ದುದು ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕುವುದಕ್ಕೆ, ಸಂಜೆ ಹೊಸ್ತಿಲಿಗೆ ದೀಪ ಇಡುವುದಕ್ಕೆ. ಉಳಿದ ಹೊತ್ತೆಲ್ಲ ಅದು ಗಂಡಸರ ಕಟ್ಟೆ. ಅಜ್ಜಿಯ ಬಿಸಿಲು ಮಾಳಿಗೆಯ ಬೆಳಕಿಂಡಿಯಿಂದ ಬೀಳುವಷ್ಟೇ. ನಡುಮನೆಯ ನೆಲದ ಮೇಲೆ ಒಂದು ಚೌಕ ಬಿದ್ದಿರುತ್ತಿತ್ತು. ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಆ ಚೌಕ ಸರಿದಂತೆ ಅಜ್ಜಿಯೂ ಮೊರ ಎತ್ತಿಕೊಂಡು ಸರಿಯುತ್ತಿದ್ದಳು. ಹೊತ್ತು ಎಷ್ಟಾಯಿತೆಂದು ತಿಳಿಯುವುದಕ್ಕೂ ಅವಳಿಗೆ ಅದೇ ಗಡಿಯಾರ. ಹಳೆಯ ಜಗಲಿಗಳನ್ನು ನೆನೆದು ಹಲುಬುವವರ ಬರಹ ಓದಿದಾಗೆಲ್ಲ ನನಗೆ ಈ ಬೆಳಕಿನ ಚೌಕ ನೆನಪಾಗುತ್ತದೆ.

ಜಗಲಿ ಮುಚ್ಚುವುದು ಈ ಕಾಲದ ಚಾಳಿ ಎಂದು ತಿಳಿದಿದ್ದರೆ ಬೇಲೂರಿಗೆ ಹೋಗಿ ನೋಡಬೇಕು. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಮುಂದಿನ ಮಂಟಪ ತೆರೆದೇ ಇತ್ತು. ಕಂಬಗಳ ನಡುವೆ ಗಾಳಿ ಬೆಳಕು ಸಲೀಸಾಗಿ ಆಡುತ್ತಿತ್ತು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ, ಅಂದರೆ 1173ರಿಂದ 1220ರ ನಡುವೆ, ಆ ಕಂಬಗಳ ಸಂದಿಗೆ ಕಲ್ಲಿನ ಜಾಲಂಧ್ರ ಕೂರಿಸಿದರು. ನಕ್ಷತ್ರದಂಥ ಸಣ್ಣ ಸಣ್ಣ ರಂಧ್ರಗಳ ಆ ಕಲ್ಲಿನ ಪರದೆ ಎಷ್ಟು ಚೆಂದವಿದೆಯೆಂದರೆ, ಅದು ಆಮೇಲೆ ಸೇರಿಸಿದ್ದೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ದೇವಸ್ಥಾನಕ್ಕೆ ಭದ್ರತೆ ಬಂತು. ಆದರೆ ಒಳಗೆ ಕತ್ತಲೂ ಬಂತು. ಈಗ ಒಳಛಾವಣಿಯ ಕೆತ್ತನೆ ಕಾಣಬೇಕಾದರೆ ದೀಪ ಹಾಕಿ ತೋರಿಸಬೇಕು.

ನಮ್ಮ ಹರಿಹರದ್ದು ಬೇರೆ ರೀತಿ. ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಮಂಟಪ ಇಂದಿಗೂ ತೆರೆದೇ ಇದೆ. ಸುತ್ತ ಸೊಂಟದೆತ್ತರದ ಗೋಡೆ, ಅದರ ಮೇಲೆ ಗಿಡ್ಡ ಕಂಬಗಳು, ಇಳಿಜಾರಾದ ಸೂರು. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕೂತರೆ ತಂಪು. ಸೂರು ಬಿಸಿಲನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಶಾಲೆಯ ಪ್ರವಾಸದಲ್ಲಿ ನಾನು ಮಕ್ಕಳಿಗೆ ಮೊದಲು ತೋರಿಸುವುದು ಇದನ್ನೇ.

ವರಾಂಡ ಎಂಬ ಮಾತಿನದೂ ಒಂದು ಸ್ವಾರಸ್ಯದ ಕಥೆ. ಪೋರ್ಚುಗೀಸರಲ್ಲೂ ಈ ಮಾತಿತ್ತು, ಹಿಂದಿ ಬಂಗಾಳಿಗಳಲ್ಲೂ ಇತ್ತು. ಇಂಗ್ಲಿಷರಿಗೆ ಮಾತ್ರ ಅದು ಸಿಕ್ಕಿದ್ದು ನಮ್ಮ ದೇಶದಲ್ಲಿ. ಇಲ್ಲಿಯ ಬಿಸಿಲಿಗೆ ಬೆಂದ ದೊರೆಗಳು ತಮ್ಮ ಬಂಗಲೆಗಳ ಸುತ್ತ ವರಾಂಡ ಕಟ್ಟಿಕೊಂಡರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸತೊಡಗಿದರು. ಮಂಗಳೂರು ಹೆಂಚು ಬಂದ ಮೇಲೆ ಮಾಮೂಲಿ ಜನರ ಮನೆಗೂ ಇಳಿಜಾರು ಸೂರಿನ ವರಾಂಡ ಕೈಗೆಟುಕಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯ ಕತ್ತಲು ಮನೆಗಳೇ ರೋಗದ ಗೂಡು ಎಂದು ಸರ್ಕಾರಕ್ಕೆ ಅನ್ನಿಸಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಮನೆಯ ಸುತ್ತ ಜಾಗ ಬಿಡುವುದು, ಗಾಳಿ ಬೆಳಕಿಗೆ ದಾರಿ ಕೊಡುವುದು ಅಲ್ಲಿಂದ ನಮ್ಮ ಊರುಗಳಿಗೂ ಹಬ್ಬಿತು. ಬೆಂಗಳೂರಿನ ಹಳೆಯ ಮನೆಗಳ ಮುಂದೆ 'ಮಂಕಿ ಟಾಪ್' ಎನ್ನುವ ಮರದ ಪಟ್ಟಿಯ ಜಾಲರಿಯನ್ನು ನೀವೂ ನೋಡಿರಬಹುದು. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿದ್ದವರು ಅಷ್ಟಾಗಿ ಕಾಣುವುದಿಲ್ಲ. ಬೇಲೂರಿನ ಕಲ್ಲು ಇಲ್ಲಿ ಮರವಾಯಿತು, ಅಷ್ಟೆ.

ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತ್ತು. ಪೇಟೆ ಸಾಲದಾಗಿ ಪಿ.ಜೆ. ಬಡಾವಣೆ, ವಿದ್ಯಾನಗರ, ನಮ್ಮ ಸರಸ್ವತಿ ನಗರ ಎಂದು ಊರು ಹರಡಿತು. ಕೂಡುಕುಟುಂಬ ಒಡೆದು ಗಂಡ, ಹೆಂಡತಿ, ಮಕ್ಕಳಷ್ಟೇ ಇರುವ ಮನೆಗಳಾದವು. ಕಟ್ಟೆಯ ಮೇಲೆ ಸದಾ ಕೂತಿರುತ್ತಿದ್ದ ಮುದುಕರಿಲ್ಲ. ಗಂಡಸರು ಕೆಲಸಕ್ಕೆ ಹೋದರೆ ಮಧ್ಯಾಹ್ನವೆಲ್ಲ ಹೆಂಗಸೊಬ್ಬಳೇ. ಕಳ್ಳರ ಹೆದರಿಕೆ ಒಂದು ಕಡೆ, ಬೀದಿ ಹಂದಿ ನಾಯಿಗಳ ಕಾಟ ಇನ್ನೊಂದು ಕಡೆ. ಗ್ರಿಲ್ಲು ಬಂದದ್ದು ಹೀಗೆ. ಕಬ್ಬಿಣದ ಕೆಲಸ ನಮ್ಮ ಕಡೆಗೆ ಹೊಸದೂ ಅಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಈಗ ಅದು ಮುಚ್ಚಿದೆ.

ನಾನು ಸೊಸೆಯಾಗಿ ಈ ಮನೆಗೆ ಬಂದಾಗ ವರಾಂಡ ತೆರೆದೇ ಇತ್ತು. ಅಲ್ಲಿದ್ದದ್ದು ಒಂದೇ ಆರಾಮ ಕುರ್ಚಿ, ಅದು ಮಾವನವರದು. ಕೆಲವು ವರ್ಷಗಳ ಮೇಲೆ ಗ್ರಿಲ್ಲು ಹಾಕಿಸಿದೆವು. ಆಗ ನಾನು ಗಮನಿಸಿದ ಸಂಗತಿ ಒಂದಿದೆ. ಅದುವರೆಗೆ ಹಿತ್ತಲಲ್ಲೇ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮೊರ ಹಿಡಿದು ಮುಂದಕ್ಕೆ ಬಂದು ಕೂತರು. ಪಕ್ಕದ ಮನೆಯವರು ಬಂದರು. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಓದುವುದು ಎಲ್ಲ ಅಲ್ಲಿಗೆ ಬಂತು. ನಾನು ಪರೀಕ್ಷೆಯ ಪೇಪರು ತಿದ್ದಿದ್ದೂ ಅಲ್ಲೇ. ಗ್ರಿಲ್ಲು ಜೈಲಿನಂತಿದೆ ಎಂದು ಹಂಗಿಸುವವರುಂಟು. ನಮ್ಮ ಮನೆಯ ಹೆಂಗಸರಿಗೆ ಮುಂಬಾಗಿಲಿನ ಬೆಳಕು ದಕ್ಕಿದ್ದು ಮಾತ್ರ ಆ ಕಬ್ಬಿಣದಿಂದಲೇ.

ಕಳೆದುಕೊಂಡದ್ದೂ ಉಂಟು. ಬುಟ್ಟಿ ಹೊತ್ತು ಬರುವ ಸೊಪ್ಪಿನಾಕೆ ಮೊದಲು ಕಟ್ಟೆಯ ಮೇಲೆ ಕೂತು ನೀರು ಕುಡಿದು, ಮನೆಯ ಸುಖದುಃಖ ಹೇಳಿಕೊಂಡು ಹೋಗುತ್ತಿದ್ದಳು. ಗ್ರಿಲ್ಲು ಬಂದ ಮೇಲೆ ಗೇಟಿನ ಹೊರಗೇ ನಿಂತಳು. ವ್ಯಾಪಾರ ನಿಲ್ಲಲಿಲ್ಲ, ಮಾತು ನಿಂತಿತು.

ಇನ್ನು ಗಾಜು. ಇದು ಚಳಿದೇಶದ ಸರಕು. ಇಂಗ್ಲೆಂಡಿನಲ್ಲಿ ಗಾಜಿನ ಮೇಲೆ ತೆರಿಗೆಯಿತ್ತು. 1845ರಲ್ಲಿ ಅದನ್ನು ತೆಗೆದ ಮೇಲೆ ಗಾಜು ಅಗ್ಗವಾಯಿತು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಉಳ್ಳವರು ಮನೆಗೆ ಗಾಜಿನ ಕೋಣೆ ಕಟ್ಟಿಸಿಕೊಂಡು ಅದರಲ್ಲಿ ಬಿಸಿಲುನಾಡಿನ ಗಿಡ ಬೆಳೆಸಿದರು, ತಾವೂ ಬೆಚ್ಚಗೆ ಕೂತರು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಈಗ ನಮ್ಮ ದಾವಣಗೆರೆಯಲ್ಲೂ ಗಾಜಿನ ಮನೆ ಇದೆ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಇಲ್ಲಿಂದ ವರಾಂಡ ಕಲಿತು ಹೋದವರ ಗಾಜು ಈಗ ನಮ್ಮ ವರಾಂಡಕ್ಕೇ ಬಂದಿದೆ.

ಆದರೆ ಅವರ ಸೂರ್ಯನೇ ಬೇರೆ, ನಮ್ಮ ಸೂರ್ಯನೇ ಬೇರೆ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿನಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗೆ ಹುಟ್ಟಿದ ಕಾವನ್ನು ಹೊರಗೆ ಬಿಡುವುದಿಲ್ಲ. ಲಂಡನ್ನಿಗೆ ಅದು ವರ. ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ಪಡುವಣ ದಿಕ್ಕಿಗೆ ಮುಖ ಮಾಡಿದ ಮನೆಯಲ್ಲಿ, ಸಂಡಿಗೆ ಒಣಗಿಸಬಹುದು, ಮನುಷ್ಯರು ಕೂರಲಾಗದು. ಗಾಜಿನ ಸೂರಂತೂ ಬೇಡವೇ ಬೇಡ. ಇನ್ನೊಂದು ಮಾತು. ಮನೆಯ ಸುತ್ತ ಬಿಡಬೇಕಾದ ಜಾಗಕ್ಕೆ ವರಾಂಡ ಚಾಚುವುದಿದ್ದರೆ ಮೊದಲು ಮಹಾನಗರ ಪಾಲಿಕೆಯಲ್ಲಿ ಕೇಳಿಕೊಳ್ಳಬೇಕು.

ಅತ್ತೆಯ ವಿಚಾರಕ್ಕೆ ಬರೋಣ. ಅವರ ಮೂಳೆ ಸವೆದಿದೆ, ದಿನಾ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕೂರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಮಗ ಗಾಜಿನ ಮಾತೆತ್ತಿದ್ದೂ ಅದಕ್ಕೇ. ಆದರೆ ಮೂಳೆಗೆ ಬೇಕಾದ ಡಿ ಜೀವಸತ್ವ ಚರ್ಮದಲ್ಲಿ ತಯಾರಾಗುವುದು ಬಿಸಿಲಿನ ನೇರಳಾತೀತ ಕಿರಣದಿಂದ. ಮಾಮೂಲಿ ಕಿಟಕಿ ಗಾಜು ಆ ಕಿರಣವನ್ನೇ ಬಹುಪಾಲು ತಡೆದುಬಿಡುತ್ತದೆ. ಮುಚ್ಚಿದ ಗಾಜಿನ ಹಿಂದೆ ದಿನವೆಲ್ಲ ಕೂತರೂ ಮೈ ಬೆಚ್ಚಗಾಗುತ್ತದೆಯೇ ಹೊರತು ಮೂಳೆಗೆ ಸಿಗುವುದು ಅಷ್ಟಕ್ಕಷ್ಟೆ. ಇದನ್ನು ಮಗನಿಗೆ ಬಿಡಿಸಿ ಹೇಳಿದೆ. ಅವನೂ ಡಾಕ್ಟರನ್ನು ಕೇಳಿ ಬಂದು ಒಪ್ಪಿದ.

ಕೊನೆಗೆ ಹೀಗೆ ಗೊತ್ತುಮಾಡಿಕೊಂಡಿದ್ದೇವೆ. ಸೂರು ಇದ್ದ ಹಾಗೇ ಇರಲಿ. ಗ್ರಿಲ್ಲಿಗೆ ಸೊಳ್ಳೆ ಜಾಲರಿ. ಮಳೆಯ ಎರಚಲು ಹೊಡೆಯುವ ಒಂದು ಬದಿಗೆ ಮಾತ್ರ ಗಾಜು, ಅದೂ ಪೂರ್ತಿ ತೆರೆಯುವಂಥದ್ದು. ನಮ್ಮದು ಮೂಡಣ ಬಾಗಿಲು. ಒಂಬತ್ತರ ಹೊತ್ತಿಗೆ ಗ್ರಿಲ್ಲಿನ ಬಾಗಿಲು, ಜಾಲರಿ ಎಲ್ಲ ತೆಗೆದು ಅತ್ತೆಯ ಕುರ್ಚಿಯನ್ನು ಹೊರಗಿನ ಮೆಟ್ಟಿಲ ಹತ್ತಿರಕ್ಕೆ ಎಳೆಯುವುದು. ಗೇಟಿನಾಚೆ ಕಾಂಪೌಂಡಿನೊಳಗೇ ಗೂಡು ಮಾಡಿ ಒಂದು ಕಲ್ಲು ಚಪ್ಪಡಿ ಹಾಕಿಸುವುದು, ಬೀದಿಯವರು ಕೂರಲಿ ಎಂದು. ಇದು ಅತ್ತೆಯ ಬೇಡಿಕೆ. "ಬಿಸಿಲು ನನಗಾತು, ನೆಳ್ಳು ಅವರಿಗೂ ಆಗ್ಲಿ" ಎಂದರು. ಚಪ್ಪಡಿಗೆ ನೆರಳಾಗಲೆಂದು ಪಕ್ಕದಲ್ಲೊಂದು ಹೊಂಗೆ ಸಸಿ ನೆಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ವರಾಂಡ ಮುಚ್ಚಿಸುವ ಮಾತು ನಡೆದಿದ್ದರೆ ಗಾಜಿನ ಅಂಗಡಿಗೆ ಹೋಗುವ ಮುಂಚೆ ಒಂದು ದಿನ ಸುಮ್ಮನೆ ಗಮನಿಸಿ. ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಆಗ ಅಲ್ಲಿ ಯಾರು ಕೂತಿರುತ್ತಾರೆ, ಯಾರಿಗೆ ಕೂರಬೇಕೆಂಬ ಆಸೆಯಿದ್ದೂ ಪುರುಸೊತ್ತಿಲ್ಲದೆ ಒಳಗೆ ಒಲೆಯ ಮುಂದೆ ನಿಂತಿರುತ್ತಾರೆ. ಅಳತೆ ತೆಗೆಯಲು ಬಂದವನಿಗೆ ಇವನ್ನೂ ಹೇಳಿ.