ಗ್ರಂಥಾಲಯದ ಬಾಗಿಲಲ್ಲಿ ಅಕ್ಷರ: ಬೀದರಿನಿಂದ ದುಬೈವರೆಗೆ



ಊರಿನ ಗ್ರಂಥಾಲಯದ ಮುಂದೆ ಒಂದು ಕಲಾಕೃತಿ ನಿಲ್ಲಿಸಬೇಕೆಂದು ನೀವು ನಾಲ್ಕು ಜನ ಸೇರಿ ತೀರ್ಮಾನಿಸಿದಿರಿ ಎಂದು ಇಟ್ಟುಕೊಳ್ಳಿ. ಈಗ ಉಳಿ, ಸುತ್ತಿಗೆ ಹಿಡಿದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಕೊಟ್ಟರೆ ಸಿ.ಎನ್.ಸಿ. ಯಂತ್ರ ಕಲ್ಲನ್ನೋ ಉಕ್ಕನ್ನೋ ಅದರಂತೆಯೇ ಕೊರೆದು ಕೊಡುತ್ತದೆ. ಪ್ರತಿಮೆಯ ಬದಲು ಅಕ್ಷರವನ್ನೇ ಶಿಲ್ಪವಾಗಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಏನು ಬರೆಸಬೇಕು, ಯಾರು ಬರೆಯಬೇಕು, ಯಾರು ತಿದ್ದಬೇಕು? ಈ ಪ್ರಶ್ನೆಗಳು ಯಂತ್ರದ ಜೊತೆ ಹುಟ್ಟಿದವಲ್ಲ. ನಮ್ಮ ಬೀದರಿನಲ್ಲಿಯೇ ಅವಕ್ಕೆ ಐದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಬಹಮನಿ ರಾಜ್ಯದ ಪ್ರಧಾನಮಂತ್ರಿ ಖ್ವಾಜಾ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದವರು. 1472ರಲ್ಲಿ ಅವರು ಬೀದರಿನಲ್ಲಿ ಕಟ್ಟಿಸಿದ ಮದ್ರಸಾ ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೆ ಊಟ, ವಸತಿ ಉಚಿತ. ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಎದುರುಗೋಡೆಯನ್ನು ಬಣ್ಣದ ಮೆರುಗು ಹೆಂಚುಗಳಿಂದ ಮುಚ್ಚಿ, ಅದರಲ್ಲಿ ಕುರ್‌ಆನ್ ವಚನಗಳನ್ನು ದೊಡ್ಡ ಅಕ್ಷರಗಳಲ್ಲಿ ಮೂಡಿಸಿದ್ದರು. ಇಂತಹ ಕೆಲಸದಲ್ಲಿ ಬರೆಯುವವರು ಒಬ್ಬರು, ಹೆಂಚಿನಲ್ಲಿ ಮೂಡಿಸುವವರು ಇನ್ನೊಬ್ಬರು. ಖತ್ತಾತರ ಕಲಮಿನಿಂದ ಬಂದ ರೇಖೆಯನ್ನು ಕುಶಲಕರ್ಮಿ ಹೆಂಚಿಗೆ ಇಳಿಸುತ್ತಿದ್ದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗವಾನರ ಅಂತ್ಯ ನಿಮಗೆ ಗೊತ್ತಿರಬಹುದು. ವಿರೋಧಿಗಳು ಮೊಹರು ಕಾಯುವವನನ್ನು ಪುಸಲಾಯಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಅದರ ಮೇಲೆ ಒಡಿಶಾದ ರಾಜನಿಗೆ ದ್ರೋಹದ ಪತ್ರ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಅದನ್ನು ನಂಬಿದ. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಹೋಯಿತು. ಸಮಿತಿಗಳಲ್ಲಿ ನಕ್ಷೆಯನ್ನು ಪೂರ್ತಿ ನೋಡದೆ ಸಹಿ ಹಾಕುವವರನ್ನು ಕಂಡಾಗ ನನಗೆ ಆ ಖಾಲಿ ಕಾಗದ ನೆನಪಾಗುತ್ತದೆ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 2002ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಹೊಸ ಗ್ರಂಥಾಲಯದ ಹೊರಗೋಡೆ ಅಸ್ವಾನ್ ಗ್ರಾನೈಟಿನದು. ಅದರಲ್ಲಿ ಜಗತ್ತಿನ 120 ಲಿಪಿಗಳ ಅಕ್ಷರಗಳಿವೆ. ರೂಪಿಸಿದವರು ನಾರ್ವೆಯ ಕಲಾವಿದರು, ಕೆತ್ತಿದವರು ಕೈಯಲ್ಲಿ ಉಳಿ ಹಿಡಿದ ಕಲ್ಲುಕುಟಿಗರು. ಆ ಅಕ್ಷರಗಳು ಸೇರಿ ಯಾವ ವಾಕ್ಯವೂ ಆಗುವುದಿಲ್ಲ. ಯಾವ ಭಾಷೆಗೂ ಮೇಲುಗೈ ಇಲ್ಲ, ಯಾರಿಗೂ ನೋವಿಲ್ಲ. ಜಾಣತನದ ಆಯ್ಕೆ ನಿಜ. ಆದರೆ ಓದಲು ಬರುವವರ ಬಾಗಿಲಲ್ಲಿ ಓದಲಾಗದ ಬರಹ ಇಡುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ದುಬೈಯಲ್ಲಿ 2022ರ ಫೆಬ್ರವರಿ 22ರಂದು ತೆರೆದ ‘ಭವಿಷ್ಯದ ಸಂಗ್ರಹಾಲಯ’ ಇದಕ್ಕೆ ವಿರುದ್ಧ. ಅದು ಗ್ರಂಥಾಲಯವಲ್ಲ, ಆದರೂ 77 ಮೀಟರ್ ಎತ್ತರದ ಆ ಕಟ್ಟಡವೇ ಒಂದು ಅಕ್ಷರಶಿಲ್ಪ. ಅರಬ್ಬಿ ವಾಕ್ಯಗಳೇ ಅದರ ಕಿಟಕಿಗಳು. ಹೊರಮೈಯ 1,024 ಫಲಕಗಳು ರೋಬೋಟ್‌ಗಳ ನೆರವಿನಿಂದ ತಯಾರಾದವು. ಆದರೆ ಬರಹ ಮತ್ತರ್ ಬಿನ್ ಲಾಹಿಜ್ ಎಂಬ ಕಲಾವಿದರದು! ಬೀದರಿನಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಯಂತ್ರ ಕಿತ್ತುಕೊಂಡದ್ದು ಹೆಂಚಿನವನ ಜಾಗವನ್ನು, ಖತ್ತಾತರ ಜಾಗವನ್ನಲ್ಲ.

ನಮ್ಮ ಊರುಗಳಲ್ಲಿ ಖತ್ತಾತರನ್ನೇ ಕೈಬಿಡುತ್ತೇವೆ. ಅಂಗಡಿಯವನ ಕಂಪ್ಯೂಟರಿನಲ್ಲಿರುವ ಫಾಂಟೇ ಸಾಕು ಎನ್ನುತ್ತೇವೆ. ಉರ್ದುವಿನ ನಸ್ತಾಲೀಖ್ ಲಿಪಿ ಕಂಪ್ಯೂಟರಿಗೆ ಸುಲಭವಾಗಿ ಬಗ್ಗಿದ್ದಲ್ಲ. ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಕೂಡಕ್ಷರಗಳನ್ನು ಕೈಯಿಂದ ಬರೆದ ಮೇಲೆ, 1981ರಲ್ಲಿ ಲಾಹೋರಿನ ಜಂಗ್ ಪತ್ರಿಕೆ ‘ನೂರಿ ನಸ್ತಾಲೀಖ್’ನಲ್ಲಿ ಅಚ್ಚಾಯಿತು. ಆ ಫಾಂಟಿನ ಹೆಸರು ಅವರ ತಂದೆ ನೂರ್ ಅಹ್ಮದರದು.

ಒಂದು ಶಾಲೆಯ ಉಕ್ಕಿನ ಫಲಕವನ್ನು ನಾನು ಕಂಡಿದ್ದೇನೆ. ಉರ್ದು ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ನಿಂತಿದ್ದವು. ಉರ್ದು ತಿಳಿಯದ ತಂತ್ರಾಂಶಕ್ಕೆ ಕಡತ ಹೋದರೆ ಆಗುವುದು ಇದೇ. ಕನ್ನಡಕ್ಕೂ ಈ ಅಪಾಯ ತಪ್ಪಿಲ್ಲ. ‘ಗ್ರಂಥಾಲಯ’ದ ಕ್ರಾವಡಿ ಕೆಳಗೆ ಸೇರದೆ ಪಕ್ಕದಲ್ಲಿ ಉಳಿಯಬಹುದು. ಆದ್ದರಿಂದ ಕಡತ ಕೊಡುವ ಮೊದಲೇ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿಕೊಳ್ಳಬೇಕು.

ಇನ್ನೊಂದು ತೊಡಕು ಲೋಹದ್ದು. ತಗಡಿನಲ್ಲಿ ಅಕ್ಷರದ ಆಕಾರವನ್ನು ಕೊರೆದು ತೆಗೆದರೆ, ಕನ್ನಡದ ಸೊನ್ನೆಯ ಒಳಗಿನ ತುಂಡು ಹಿಡಿದುಕೊಳ್ಳಲು ಏನೂ ಇಲ್ಲದೆ ಉದುರಿಬಿಡುತ್ತದೆ. ಅದನ್ನು ಸಣ್ಣ ಪಟ್ಟಿಯಿಂದ ಸುತ್ತಲಿನ ತಗಡಿಗೆ ಸೇರಿಸಿಡಬೇಕು. ಅಕ್ಷರವನ್ನೇ ಕತ್ತರಿಸಿ ನಿಲ್ಲಿಸಿದರೆ ಉರ್ದುವಿನ ನುಖ್ತೆಗಳು ಬೇರೆಯಾಗುತ್ತವೆ. ನುಖ್ತೆ ಹೋದರೆ ಬೇ, ಪೇ, ತೇ ಮೂರೂ ಒಂದೇ! ಹೀಗಾಗಿ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ, ಎರಡೂ ಭಾಷೆ ಬಲ್ಲವರಿಂದ ಗಟ್ಟಿಯಾಗಿ ಓದಿಸಿ. ಸಹಿ ಆಮೇಲೆ. ಖರ್ಚಿನ ಪಟ್ಟಿಯಲ್ಲಿ ಯಂತ್ರದ ಬಾಡಿಗೆಗಿಂತ ಮೊದಲು ಖತ್ತಾತರ ಸಂಭಾವನೆ ಬರೆಯಿರಿ.

ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ಬೀದರಿಗೆ ಹೋದರೆ ಆ ಮದ್ರಸಾ ನೋಡಿ ಬನ್ನಿ. 1696ರಲ್ಲಿ ಒಳಗೆ ಕೂಡಿಟ್ಟಿದ್ದ ಸಿಡಿಮದ್ದು ಸಿಡಿದು ಮುಂಭಾಗದ ಬಹುಪಾಲು ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ಅದರ ಪಕ್ಕದ ಗೋಡೆಯ ಮೇಲೆ ಬರಹದ ಹೆಂಚುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಬೆಳಗಿನ ಬಿಸಿಲಿನಲ್ಲಿ ನಿಂತು, ಎಷ್ಟು ಅಕ್ಷರ ಓದಲು ಬರುತ್ತದೆಂದು ಪ್ರಯತ್ನಿಸಿ.