ಹುಣಸೂರು ಸೀಮೆಯಲ್ಲಿ ಕುಂಪಣಿಯ ಕಾಲದ ವಂಶಶೋಧನೆ

ಮೈಸೂರು ಜಿಲ್ಲೆಯ ಪಶ್ಚಿಮಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಪಾಳೆಯಗಾರರ ಚರಿತ್ರೆಯೂ ವಿದ್ವಾಂಸರಿಂದ ಬಹುಮಟ್ಟಿಗೆ ಪರಾಮರ್ಶಿತವಾಗಿರುವುವು. ಆದರೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಎರಡು ಮೂರು ತಲೆಗಳ ಕಾಲ ಇಲ್ಲಿ ನೆಲಸಿದ್ದ ಸಾಮಾನ್ಯ ಕುಟುಂಬಗಳ ವಂಶವನ್ನು ಯಾವ ಪ್ರಮಾಣಗಳಿಂದ ನಿರ್ಣಯಿಸಬೇಕೆಂಬ ವಿಚಾರಕ್ಕೆ ಅಷ್ಟು ಗಮನವು ಸಂದಂತೆ ತೋರುವುದಿಲ್ಲ. ಈಚೆಗೆ ಎಂಜಲಿನ ಒಂದು ಹನಿಯಿಂದ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ಪರೀಕ್ಷಿಸುವ ಮಾರ್ಗವು ಬಂದಿರುವುದರಿಂದ, ಹಳೆಯ ಕಾಗದಗಳ ಗೊಡವೆ ಇನ್ನು ಬೇಡವೆನ್ನುವವರೂ ಉಂಟು. ಇದು ಸರಿಯಲ್ಲವೆಂದೂ, ಈ ಸೀಮೆಯ ಬರಹಗಳು ಸಾಮಾನ್ಯವಾಗಿ ಮರೆಸಿರುವ ಒಂದು ವಿಷಯದಲ್ಲಿ, ಎಂದರೆ ತಾಯಿಯ ಕುಲದ ವಿಷಯದಲ್ಲಿ, ಹೊಸ ಪ್ರಮಾಣವು ಹಳೆಯದರ ಕೈಹಿಡಿದೇ ನಡೆಯಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಗೆ ಕುಂಪಣಿಯ ದಂಡು ಎರಡು ಕಡೆಗಳಿಂದ ಬಂದಿತು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯವು ಕೊಡಗಿನ ಮಾರ್ಗವಾಗಿ ಪಿರಿಯಾಪಟ್ಟಣದವರೆಗೆ ಬಂದು ಹಿಂದಿರುಗಿತು. 1799ನೆಯ ಮಾರ್ಚಿ 6ರಂದು, ಕೊಡಗಿನ ಗಡಿಯಲ್ಲಿ ಆಂಗ್ಲರು ಸೀದಾಸೀರ್ ಎಂದು ಬರೆದಿರುವ ಸ್ಥಳದ ಬಳಿ, ಜನರಲ್ ಸ್ಟುಅರ್ಟನ ಮುಂಬಯಿ ಸೈನ್ಯಕ್ಕೂ ಟೀಪುವಿನ ಸೈನ್ಯಕ್ಕೂ ಕಾಳಗ ನಡೆಯಿತು. ಇವು ದಾಟಿಹೋದ ದಂಡುಗಳು. ನೆಲೆನಿಂತುದು ಹುಣಸೂರಿನಲ್ಲಿ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಟೀಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆದು, 1813ರಲ್ಲಿ ಮದ್ರಾಸಿನ ಸೈನ್ಯಸರಬರಾಯಿ ಇಲಾಖೆಯ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದಿತು; ಹುಣಸೂರು ಅದರ ಮುಖ್ಯಸ್ಥಾನವಾಯಿತು. ಫಿರಂಗಿಯನ್ನೆಳೆಯುವ ಎತ್ತುಗಳ ಜೊತೆಗೆ ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳೂ ಅಲ್ಲಿ ಬೆಳೆದುವು. ಇಂಥ ಕಡೆ ಪರದೇಶದ ಕೆಳದರ್ಜೆಯ ನೌಕರರು ವರ್ಷಗಟ್ಟಲೆ ನಿಂತು ಸಂಸಾರ ಹೂಡಿದುದು ಸಹಜವೇ. ಇದರಿಂದ ಶೋಧಕನಿಗೆ ಒಂದು ಪ್ರಯೋಜನವುಂಟು: ಪಿರಿಯಾಪಟ್ಟಣದ ದಂಡಿನ ಸಿಪಾಯಿಯ ಹೆಸರನ್ನು ಮುಂಬಯಿ ಪ್ರಾಂತದ ದಾಖಲೆಗಳಲ್ಲಿಯೂ, ಹುಣಸೂರಿನ ನೌಕರನದನ್ನು ಮದ್ರಾಸು ಪ್ರಾಂತದ ದಾಖಲೆಗಳಲ್ಲಿಯೂ ಅರಸಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಆ ಎರಡು ಪ್ರಾಂತಗಳ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪಟ್ಟಿಗಳು ಬೇರೆ ಬೇರೆ ಶ್ರೇಣಿಗಳಾಗಿ ಇರಿಸಲ್ಪಟ್ಟಿವೆ.

ಈ ಪಟ್ಟಿಗಳು ತಂದೆಯ ಹೆಸರನ್ನೂ ಪದವಿಯನ್ನೂ ಸ್ಪಷ್ಟವಾಗಿ ಹೇಳುವುವು. ತಾಯಿಯು ಈ ನಾಡಿನವಳಾಗಿದ್ದರೆ ಅನೇಕ ವೇಳೆ ಅವಳ ಹೆಸರೇ ಇರುವುದಿಲ್ಲ. ಇದ್ದರೂ ದೀಕ್ಷಾಸ್ನಾನದಲ್ಲಿ ಇಟ್ಟ ಮೇರಿ, ಅನ್ನಾ ಮುಂತಾದ ಹೆಸರಷ್ಟೆ. ಇದಕ್ಕೆ ಬರೆಯುವವರ ಉದಾಸೀನವೊಂದೇ ಕಾರಣವಲ್ಲ. 1786ರಲ್ಲಿ ಕುಂಪಣಿಯವರು ಮಿಶ್ರಸಂತಾನದ ಅನಾಥ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸುವುದನ್ನು ನಿಷೇಧಿಸಿದರು. 1791ರಲ್ಲಿ ಅಂಥವರಿಗೆ ತಮ್ಮ ಮೇಲ್ದರ್ಜೆಯ ಉದ್ಯೋಗಗಳನ್ನು ಮುಚ್ಚಿದರು. 1795ರಲ್ಲಿ ಸೈನ್ಯದಲ್ಲಿ ನಗಾರಿ ಬಾರಿಸುವುದು, ಕೊಳಲೂದುವುದು, ಲಾಳ ಕಟ್ಟುವುದು ಇಷ್ಟನ್ನೇ ಉಳಿಸಿದರು. ತಾಯಿಯ ಕುಲವನ್ನು ಹೇಳಿದರೆ ಮಗನ ಅನ್ನಕ್ಕೆ ಸಂಚಕಾರ ಬರುವ ಕಾಲದಲ್ಲಿ, ಅದನ್ನು ಹೇಳದೆ ಬಿಟ್ಟವರನ್ನು ದೂರುವುದು ಹೇಗೆ?

ನಮ್ಮವರ ಬರಹಗಳು ಈ ವಿಷಯದಲ್ಲಿ ಉತ್ತಮವೆಂದು ಹೇಳಲಾರೆವು. ಶಾನುಭೋಗರ ಕಡತ, ಇನಾಮಿನ ಲೆಕ್ಕ, ಮನೆಮನೆಗೆ ಬಂದು ವಂಶಾವಳಿಯನ್ನು ಹಾಡಿ ಹೇಳುವ ಹೆಳವರ ಪುಸ್ತಕ—ಇವೆಲ್ಲ ಪ್ರಧಾನವಾಗಿ ಪುರುಷಸಂತಾನವನ್ನೇ ಹಿಡಿದು ನಡೆಯುವುವು. ಆದರೂ ಹೆಳವನ ಪುಸ್ತಕದಲ್ಲಿ ಒಂದು ಗುಣವುಂಟು: ಕುಟುಂಬವು ಯಾವ ಊರಿನಿಂದ ಯಾವ ಊರಿಗೆ ಬಂದಿತೆಂಬುದನ್ನು ಅದು ಮರೆಯುವುದಿಲ್ಲ. ಸರ್ಕಾರಿ ಕಾಗದಗಳಲ್ಲಿ ಊರುಗಳೇ ಗುರುತು ಸಿಕ್ಕದಂತಾಗಿವೆ. ಕೃಷ್ಣರಾಜನಗರವನ್ನು ಬಯಸುವವನು ಎಡತೊರೆಯ ಹೆಸರಿನಲ್ಲಿ ನೋಡಬೇಕು. ಹೆಗ್ಗಡದೇವನಕೋಟೆಗೆ ಸೇರಿದ್ದ ಸರಗೂರು ಈಗ ಬೇರೆ ತಾಲ್ಲೂಕು.

ಇನ್ನು ದೇಹದ ಸಾಕ್ಷ್ಯ. ಗಂಡುಮಗನು ತಂದೆಯಿಂದ ಮಾತ್ರ ಪಡೆಯುವ ವೈ ವರ್ಣತಂತುವು ಪಿತೃಪರಂಪರೆಯನ್ನೂ, ಮಕ್ಕಳೆಲ್ಲರೂ ತಾಯಿಯಿಂದ ಮಾತ್ರ ಪಡೆಯುವ ಮೈಟೋಕಾಂಡ್ರಿಯದ ಡಿ.ಎನ್.ಎ.ಯು ಮಾತೃಪರಂಪರೆಯನ್ನೂ ಸೂಚಿಸುತ್ತವೆ. ಉಳಿದ ದ್ರವ್ಯವು ತಲೆತಲೆಗೂ ಅರ್ಧವಾಗುತ್ತ ಬರುವುದರಿಂದ, ಏಳು ತಲೆಗಳ ಹಿಂದಿನ ಒಬ್ಬ ಅಜ್ಜಿಯ ಪಾಲು ಸರಾಸರಿ 128ರಲ್ಲಿ ಒಂದು ಭಾಗ ಮಾತ್ರ. 1800ರ ಸುಮಾರಿನವಳು ಇಂದಿನವರಿಗೆ ಹೆಚ್ಚುಕಡಮೆ ಅಷ್ಟೇ ದೂರದವಳು. ಮಾತೃಪರಂಪರೆಯ ಗುರುತಾದರೋ ಹಾಗೆ ಸವೆಯುವುದಿಲ್ಲ. ಆದರೆ ಅದು ಮಗಳಿಂದ ಮಗಳಿಗೆ ಕಡಿಯದೆ ಬಂದಿರಬೇಕು. ನಡುವೆ ಒಬ್ಬ ಗಂಡಸು ಬಂದರೆ ಎಳೆ ಅಲ್ಲಿಗೆ ಮುಗಿಯಿತು. ಮದುವೆಯಿಂದ ಪ್ರತಿ ತಲೆಗೂ ಮನೆತನದ ಹೆಸರು ಬದಲಾಗುವ ಈ ಎಳೆಯ ಕೊನೆಯಲ್ಲಿ ಇಂದು ಯಾರಿದ್ದಾರೆ, ಪರೀಕ್ಷೆಗೆ ಯಾರನ್ನು ಕೇಳಿಕೊಳ್ಳಬೇಕು ಎಂಬುದನ್ನು ತಿಳಿಸತಕ್ಕದ್ದು ಮತ್ತೆ ಆ ವಿವಾಹದ ಪಟ್ಟಿಗಳೇ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ನಮ್ಮ ಸೀಮೆಯದಲ್ಲ, ಸೂರತ್ತಿನದು. ಅಲ್ಲಿ ಥಿಯೊಡೋರ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನವನೊಡನೆ ಬಾಳಿದ ಎಲೈಜಾ ಕೆವಾರ್ಕ್ ಎಂಬವಳ ಮಗಳು ಕ್ಯಾಥರೀನಳನ್ನು ಬ್ರಿಟನ್ನಿಗೆ ಕಳುಹಿಸಲಾಯಿತು. ಆ ಹೆಣ್ಣು ಸಂತತಿಯಲ್ಲಿ ಏಳನೆಯ ತಲೆಯವನು ಬ್ರಿಟನ್ನಿನ ಯುವರಾಜ ವಿಲಿಯಂ. ಕುಟುಂಬದವರು ಎಲೈಜಾಳನ್ನು ಆರ್ಮೇನಿಯದವಳೆನ್ನುತ್ತಿದ್ದರು. 2013ರಲ್ಲಿ ಆ ಮಾತೃಪರಂಪರೆಯ ಬಂಧುಗಳನ್ನು ಪರೀಕ್ಷಿಸಿದಾಗ, ಪ್ರಧಾನವಾಗಿ ಭಾರತದಲ್ಲಿ ಕಾಣುವ ಆರ್30ಬಿ ಎಂಬ ಅಪರೂಪದ ಗುಂಪು ಕಂಡುಬಂದಿತು. ಕುಟುಂಬದ ಮಾತು ಸುಳ್ಳಾಯಿತೆಂದು ಕೆಲವರು ಬರೆದರು. ಇದು ಆತುರದ ತೀರ್ಮಾನ. ಕೆವಾರ್ಕ್ ಎಂಬುದು ಆರ್ಮೇನಿಯದವರ ಹೆಸರು. ಅವಳ ತಂದೆ ಆರ್ಮೇನಿಯದವನೂ, ತಾಯಿ ಅಥವಾ ಅವಳ ಹಿಂದಿನವಳು ಭಾರತೀಯಳೂ ಆಗಿದ್ದರೆ ಎರಡು ಸಾಕ್ಷ್ಯಗಳೂ ನಿಜವೇ. ಹೆಸರು ತಂದೆಯ ಕಡೆಯದನ್ನು ಹೇಳಿತು, ದೇಹವು ತಾಯಿಯ ಕಡೆಯದನ್ನು.

ಹುಣಸೂರಿನಲ್ಲಿಯೂ ಇದೇ ಎಚ್ಚರ ಬೇಕು. ಭಾರತೀಯರ ಮಾತೃಪರಂಪರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂ ಎಂಬ ಮಹಾಶಾಖೆಗೆ ಸೇರಿದವು. ಅದು ಜಾತಿಜಾತಿಗಳಲ್ಲಿಯೂ ಕಾಡಿನ ಜನರಲ್ಲಿಯೂ ಹರಡಿದೆ. ಆದುದರಿಂದ ಹೆಸರಿಲ್ಲದ ಆ ತಾಯಿಯು ಈ ದೇಶದವಳೆಂದು ಹೇಳಬಹುದೇ ಹೊರತು, ಯಾವ ಊರು, ಯಾವ ಕುಲ ಎಂದು ಅಷ್ಟರಿಂದಲೇ ಹೇಳಲಾಗದು. ಮೇಲಾಗಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಬಂದುದು. ಹೀಗೆ ತಲೆತಲೆಗೂ ನಡೆದಲ್ಲಿ ದೂರದ ಬಂಧುಗಳೂ ಪರೀಕ್ಷೆಯಲ್ಲಿ ಹತ್ತಿರದವರಂತೆ ತೋರುವರು. ಪರದೇಶದ ಸಂಸ್ಥೆಗಳು ತಿಳಿಸುವ ದಾಯಾದಿತನದ ಅಂತರವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ.

ದತ್ತುಸ್ವೀಕಾರವು ಇನ್ನೊಂದು ತೊಡಕು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದಕೋಟೆಯ ಅರಸು ಮನೆತನದ ಚಿಕ್ಕಕೃಷ್ಣರಾಜ ಅರಸರ ಮಗನನ್ನು ದತ್ತು ಪಡೆದರು. ಅವರೇ ಚಾಮರಾಜೇಂದ್ರ ಒಡೆಯರು. ವಂಶಾವಳಿಯಲ್ಲಿ ಇದು ತಂದೆಮಕ್ಕಳ ಕೊಂಡಿಯೇ, ಶಾಸ್ತ್ರದಲ್ಲಿಯೂ ಹಾಗೆಯೇ. ವರ್ಣತಂತುವಿಗೆ ಈ ಕೊಂಡಿ ಕಾಣದು. ಅಷ್ಟರಿಂದ ವಂಶಾವಳಿಯು ಸುಳ್ಳೆನ್ನುವುದು ವಂಶವೆಂಬ ಶಬ್ದದ ಅರ್ಥವನ್ನೇ ಅರಿಯದ ಮಾತು.

ಕೊನೆಯದಾಗಿ ಹೆಗ್ಗಡದೇವನಕೋಟೆಯ ಕಾಡಿನ ಕಡೆಯ ಜೇನುಕುರುಬರ ಮತ್ತು ಬೆಟ್ಟಕುರುಬರ ವಿಷಯ. ಇವರ ಎಂಜಲನ್ನು ಸಂಗ್ರಹಿಸಲು ಬರುವವರು, ಅದು ಯಾತಕ್ಕೆಂಬುದನ್ನು ಇವರ ಮಾತಿನಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಹಾಗೆ ಪಡೆದ ಮಾದರಿಗೂ ಅದು ಯಾವ ಹಾಡಿಯದೆಂಬ ಗುರುತಿಲ್ಲದಿದ್ದರೆ ಚರಿತ್ರೆಯಲ್ಲಿ ಬೆಲೆಯಿಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಹಳ್ಳಿಗಳು ಮುಳುಗಿದುವು. ನಾಗರಹೊಳೆಯ ಕಾಡಿನಿಂದ ಹಾಡಿಗಳು ಎತ್ತಲ್ಪಟ್ಟುವು. ಆದುದರಿಂದ ಇಲ್ಲಿ ಮೊದಲು ಆಗತಕ್ಕ ಕೆಲಸವೆಂದರೆ, ಬಿಟ್ಟುಬಂದ ಹಾಡಿಗಳ ಹೆಸರುಗಳನ್ನೂ, ಅಲ್ಲಿಗೆ ಹೆಣ್ಣು ತಂದ, ಅಲ್ಲಿಂದ ಹೆಣ್ಣು ಕೊಟ್ಟ ಊರುಗಳನ್ನೂ ಬಲ್ಲ ಹಿರಿಯರ ಬಾಯಿಂದ ಬರೆದುಕೊಳ್ಳುವುದು, ಪರೀಕ್ಷೆಯು ಅನಂತರದ್ದು.